ಬಾಯಾಡಿಸುವ ಫೋರ್‌ಮನ್

ಮಳೆಗಾಲದಲ್ಲಿ ಜೋಗಕ್ಕೆ ಹೋಗಿಬಂದ ಶಿವಮೊಗ್ಗದವರು ಮಾಡುವ ಮೊದಲ ಕೆಲಸ, ಫೋನಿನಲ್ಲಿ ಹಿಡಿದ ವೀಡಿಯೊವನ್ನು ಬೆಂಗಳೂರಿನ ನೆಂಟರಿಗೆಲ್ಲ ವಾಟ್ಸಾಪ್ ಮಾಡುವುದು. ಬೆಂಗಳೂರಿನ ನೆಂಟರು ಮಾಡುವ ಮೊದಲ ಕೆಲಸ, 'ಏನ್ರೀ ಇದು, ಬರೀ ಚೌಕ ಚೌಕ ಕಾಣ್ತದೆ' ಎಂದು ಉತ್ತರಿಸುವುದು. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ 253 ಮೀಟರ್ ಎತ್ತರದಿಂದ ಅಷ್ಟು ಆರ್ಭಟದಲ್ಲಿ ಧುಮುಕಿ, ಕೊನೆಗೆ ಆ ಪುಟ್ಟ ಪರದೆಯಲ್ಲಿ ಬೂದುಬಣ್ಣದ ಚದರಗಳಾಗಿ ಒಡೆದು ಕೂತಿರುತ್ತವೆ. ಅದೇ ವೀಡಿಯೊದ ಅಂಚಿನಲ್ಲಿ, ಇದನ್ನೆಲ್ಲ ಎಷ್ಟು ಸಲ ನೋಡಿಲ್ಲ ಎಂಬ ಮುಖ ಹೊತ್ತು ಕಂಬಿಗೆ ಒರಗಿ ನಿಂತ ದೊಡ್ಡಪ್ಪ ಮಾತ್ರ ಮೀಸೆಯ ಕೂದಲು ಎಣಿಸುವಷ್ಟು ಸ್ಪಷ್ಟ. ಜನ ಬೈಯುವುದು ಫೋನನ್ನು, ಇಲ್ಲವೇ ನೆಟ್‌ವರ್ಕನ್ನು. ಎರಡರದೂ ತಪ್ಪಿಲ್ಲ. ತಪ್ಪೇನಿದ್ದರೂ ಜೋಗದ್ದು. ಈ ಕ್ಷಣ ಇದ್ದಂತೆ ಮರುಕ್ಷಣ ಇರದಿರುವುದು ಅದರ ಗುಣ. ವೀಡಿಯೊ ಕುಗ್ಗಿಸುವ ಎನ್‌ಕೋಡರಿಗೆ ಆಗಿಬರದ ಗುಣವೂ ಅದೇ.

ಇಷ್ಟು ಅಧಿಕಾರದಿಂದ ಮಾತಾಡಲು ನನಗೆ ಒಂದು ಸಣ್ಣ ಹಕ್ಕಿದೆ. ಶಿವಮೊಗ್ಗದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಎಂ.ಟೆಕ್. ಓದುವಾಗ ನನ್ನ ಪಾಲಿಗೆ ಬಂದ ಪ್ರಾಜೆಕ್ಟು ಮೋಶನ್ ಎಸ್ಟಿಮೇಶನ್. ವೀಡಿಯೊದೊಳಗೆ ಯಾವುದು ಎತ್ತ ಸರಿಯಿತು ಎಂದು ಅಂದಾಜು ಮಾಡುವುದು, ಅದನ್ನೂ ಬೇಗ ಬೇಗ ಮಾಡುವುದು. ನಾನು ಭದ್ರಾವತಿಯವನು, ಬೇಗ ಎಂಬುದರ ಬಳಕೆ ನಮ್ಮಲ್ಲಿ ಕಡಿಮೆ. ನಮ್ಮೂರಲ್ಲಿ ಯಾವುದು ಯಾವಾಗ ಆಗಬೇಕೆಂದು ಹೇಳುತ್ತಿದ್ದದ್ದು ಉಕ್ಕಿನ ಕಾರ್ಖಾನೆಯ ಸೈರನ್. ಅದು ಕೂಗುವ ಮೊದಲು ಯಾರೂ ಏಳುತ್ತಿರಲಿಲ್ಲ, ಕೂಗಿದ ಮೇಲೂ ಯಾರೂ ಓಡುತ್ತಿರಲಿಲ್ಲ.

ಕೆಲಸ ಕೇಳಲು ಸುಲಭ. ವೀಡಿಯೊ ಎಂದರೆ ಸೆಕೆಂಡಿಗೆ 25 ಚಿತ್ರ. ಒಂದು ಚಿತ್ರಕ್ಕೂ ಅದರ ಮುಂದಿನದಕ್ಕೂ ವ್ಯತ್ಯಾಸ ಅಲ್ಪ. ಗೋಡೆ ಇದ್ದಲ್ಲೇ ಇರುತ್ತದೆ, ಕ್ಯಾಲೆಂಡರ್ ಇದ್ದಲ್ಲೇ ಇರುತ್ತದೆ, ಮಾತಾಡುವವರ ತಲೆ ಮಾತ್ರ ಎರಡು ಚುಕ್ಕಿಯಷ್ಟು (ಪಿಕ್ಸೆಲ್) ಅತ್ತಿತ್ತ ಸರಿದಿರುತ್ತದೆ. ಹಾಗಾಗಿ ಮೊದಲ ಚಿತ್ರವನ್ನು ಪೂರ್ತಿ ಬರೆದಿಟ್ಟುಕೊಂಡು, ಮುಂದಿನದನ್ನು 16ಕ್ಕೆ 16 ಚುಕ್ಕಿಯ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕಕ್ಕೂ 'ಹಿಂದಿನ ಚಿತ್ರದಲ್ಲಿ ಇಲ್ಲಿಂದ ಮೂರು ಚುಕ್ಕಿ ಎಡಕ್ಕೆ, ಒಂದು ಚುಕ್ಕಿ ಮೇಲಕ್ಕೆ ಇದ್ದದ್ದನ್ನೇ ತಂದು ಅಂಟಿಸು' ಎಂದು ಚೀಟಿ ಬರೆದಿಟ್ಟರೆ ಮುಗಿಯಿತು. ಒಂದು ಕಾಲದಲ್ಲಿ ಮನೆಮನೆಗೂ ಬಂದ ವಿಸಿಡಿ ನಡೆದದ್ದೇ ಈ ಚೀಟಿಗಳ ಮೇಲೆ. ಅದರ ಚಿತ್ರ 352ಕ್ಕೆ 288 ಚುಕ್ಕಿ. ಕುಗ್ಗಿಸದೆ ಇಟ್ಟರೆ ಸೆಕೆಂಡಿಗೆ 3 ಕೋಟಿ ಬಿಟ್ ಬೇಕು. ವಿಸಿಡಿ ಕೊಡುತ್ತಿದ್ದದ್ದು ಸುಮಾರು ಹನ್ನೊಂದೂವರೆ ಲಕ್ಷ. ಉಳಿದದ್ದರಲ್ಲಿ ದೊಡ್ಡ ಪಾಲು ಚೀಟಿಯ ಪುಣ್ಯ.

ಚೀಟಿ ಬರೆಯುವುದು ಕಷ್ಟವಲ್ಲ, ಚೌಕ ಎಲ್ಲಿಂದ ಬಂತೆಂದು ಪತ್ತೆಹಚ್ಚುವುದು ಕಷ್ಟ. ನಾಲ್ಕೂ ಕಡೆ ಏಳೇಳು ಚುಕ್ಕಿಯಷ್ಟೇ ಹುಡುಕಿದರೂ 225 ಜಾಗ. ಒಂದೊಂದು ಜಾಗದಲ್ಲೂ 256 ಚುಕ್ಕಿಗಳನ್ನು ಒಂದರಿಂದೊಂದು ಕಳೆದು, ವ್ಯತ್ಯಾಸಗಳನ್ನು ಕೂಡಿಸಿ, ಎಲ್ಲಿ ಮೊತ್ತ ಎಲ್ಲಕ್ಕಿಂತ ಕಡಿಮೆಯೋ ಅಲ್ಲಿಂದ ಬಂತು ಎಂದು ತೀರ್ಪು ಕೊಡಬೇಕು. ಚಿತ್ರವೊಂದಕ್ಕೆ 396 ಚೌಕ, ಸೆಕೆಂಡಿಗೆ 25 ಚಿತ್ರ. ಗುಣಿಸಿ ನೋಡಿ, ಒಂದು ಸೆಕೆಂಡಿನ ವೀಡಿಯೊಗೆ 57 ಕೋಟಿ ಕಳೆಯುವ ಲೆಕ್ಕ. ವ್ಯಾಪ್ತಿಯನ್ನು ಹದಿನಾರು ಚುಕ್ಕಿಗೆ ಹಿಗ್ಗಿಸಿದರೆ 276 ಕೋಟಿ. ಒಂದು ಜಾಗವನ್ನೂ ಬಿಡದೆ ಹೀಗೆ ಹುಡುಕುವುದಕ್ಕೆ ಫುಲ್ ಸರ್ಚ್ ಎಂದು ಹೆಸರು. ಲ್ಯಾಬಿನ ಕಂಪ್ಯೂಟರಿನಲ್ಲಿ ಸಂಜೆ ಮ್ಯಾಟ್‌ಲ್ಯಾಬ್ ತೆರೆದು ಫುಲ್ ಸರ್ಚ್ ಹಚ್ಚಿ, ಮಂಡಕ್ಕಿ ಮೆಣಸಿನಕಾಯಿ ತಿಂದು ಭದ್ರಾವತಿ ಬಸ್ಸು ಹತ್ತಿದರೆ, ಬೆಳಿಗ್ಗೆ ಬಂದಾಗಲೂ ಅದು ಏದುಸಿರು ಬಿಡುತ್ತ ಅಲ್ಲೇ ಇರುತ್ತಿತ್ತು. ನಡುರಾತ್ರಿ ಕರೆಂಟು ಹೋಗಿದ್ದರೆ ಏದುಸಿರೂ ಇಲ್ಲ.

ಎರಡು ಬಗೆಯ ಹುಡುಕಾಟವನ್ನು ನಾನು ಮನೆಯಲ್ಲೇ ನೋಡಿದ್ದೆ. ಫಸ್ಟ್ ಶಿಫ್ಟ್ ಬಿಟ್ಟು ಹೊತ್ತಾದರೂ ಅಪ್ಪ ಕ್ವಾರ್ಟರ್ಸಿಗೆ ಬರದಿದ್ದರೆ ಅಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದ. ನ್ಯೂಟೌನಿನ ಒಂದು ಸಾಲನ್ನೂ ಬಿಡದೆ, ಟೀ ಅಂಗಡಿ, ಸಲೂನು, ರೇಷನ್ ಅಂಗಡಿ, ಆಟದ ಬಯಲು ಎಲ್ಲ ಸುತ್ತಿ, ಜನ್ನಾಪುರದವರೆಗೂ ಹೋಗಿ ಬರುತ್ತಿದ್ದ. ಅಷ್ಟರಲ್ಲಿ ಅಪ್ಪ ಮನೆಗೆ ಬಂದು ಊಟ ಮುಗಿಸಿ ಮಲಗಿರುತ್ತಿದ್ದರು. ಅಮ್ಮನ ದಾರಿ ಬೇರೆ. ಅವಳು ಅಂಗಳ ದಾಟುತ್ತಿರಲಿಲ್ಲ. ಎಡಗಡೆ ಮನೆಯವರನ್ನು ಕೇಳುತ್ತಿದ್ದಳು, ಮುಂದಿನ ಸಾಲಿನಲ್ಲಿ ನಮಗೆ ನೇರ ಎದುರಿಗಿದ್ದವರನ್ನು ಕೇಳುತ್ತಿದ್ದಳು, ಅವರ ಬಲಗಡೆ ಮನೆಯವರನ್ನು ಕೇಳುತ್ತಿದ್ದಳು.

'ನಿಮ್ಮನೆಯವ್ರು ಬಂದ್ರೇನ್ರೀ?'

'ಇಲ್ಲ ಕಣ್ರೀ, ಯೂನಿಯನ್ ಆಫೀಸಿನ ಕಡೆ ಹೋದ್ರಂತೆ.'

ಮೂವರಲ್ಲಿ ಇಬ್ಬರು ಯೂನಿಯನ್ ಆಫೀಸಿನ ಕಡೆ ಹೋಗಿದ್ದರೆ, ಮೂರನೆಯವರು ಸಂತೆಗೆ ಹೋಗಿದ್ದರೂ ಅಮ್ಮ ಅದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. 'ಇವ್ರೂ ಅಲ್ಲೇ ಇರ್ತಾರೆ, ಹೋಗಿ ಕರ್ಕೊಂಡ್ ಬಾ ಪುಟ್ಟಾ' ಎಂದು ನನ್ನನ್ನು ಅಟ್ಟುತ್ತಿದ್ದಳು. ಅಪ್ಪ ಅಲ್ಲೇ ಇರುತ್ತಿದ್ದರು, ಇಲ್ಲವೇ ಅದರ ಪಕ್ಕದ ಬೀಡಾ ಅಂಗಡಿಯಲ್ಲಿರುತ್ತಿದ್ದರು. ಅದರಾಚೆಗೆ ಹುಡುಕುವ ಪ್ರಸಂಗವೇ ಬರುತ್ತಿರಲಿಲ್ಲ.

2003ರಲ್ಲಿ ಬಂದ, ಇಂದಿಗೂ ಲೋಕದ ಫೋನುಗಳಲ್ಲೆಲ್ಲ ಇರುವ ಎಚ್.264 ಎಂಬ ವೀಡಿಯೊ ಮಾನದಂಡದ ಎನ್‌ಕೋಡರುಗಳು ಮಾಡುವುದೂ ಇದನ್ನೇ. ಪ್ರತಿ ಚೌಕವೂ ಎಡಗಡೆಯ, ಮೇಲಿನ, ಮೇಲೆ ಬಲಗಡೆಯ ಚೌಕಗಳು ಎತ್ತ ಹೋದವು ಎಂದು ಕೇಳಿ, ಮೂರು ಉತ್ತರಗಳಲ್ಲಿ ನಡುವಿನದನ್ನು ಹಿಡಿದು ಹೊರಡುತ್ತದೆ. ಸಿಕ್ಕಿದರೆ ಹುಡುಕಾಟ ಅಲ್ಲಿಗೇ ಮುಕ್ತಾಯ. ಸಿಗದಿದ್ದರೆ ಆಸುಪಾಸು ಒಂದು ಸುತ್ತು. ಅಮ್ಮನಿಗೆ ಆ ಮಾನದಂಡ ಬರೆದ ಸಮಿತಿಯಲ್ಲಿ ಒಂದು ಕುರ್ಚಿ ಸಿಗಬೇಕಿತ್ತು.

ವಿದ್ವಾಂಸರು ಅಮ್ಮನ ಅಂಗಳಕ್ಕೆ ಬಂದು ಮುಟ್ಟಲು ಎರಡು ದಶಕ ಹಿಡಿಯಿತು. 1981ರಲ್ಲಿ ಜಪಾನಿನ ಕೋಗಾ ಮತ್ತು ಸಂಗಡಿಗರು ಮೂರು ಹೆಜ್ಜೆಯ ಹುಡುಕಾಟ ತಂದರು. ಮೊದಲು ನಾಲ್ಕು ಚುಕ್ಕಿ ದೂರದ ಎಂಟು ಜಾಗ ನೋಡು. ಯಾವುದು ವಾಸಿಯೋ ಅಲ್ಲಿ ನಿಂತು ಎರಡು ಚುಕ್ಕಿ ದೂರದ ಎಂಟು. ಆಮೇಲೆ ಒಂದು ಚುಕ್ಕಿ ದೂರದ ಎಂಟು. ನಡುವಿನದೂ ಸೇರಿ 25 ಜಾಗ, ಫುಲ್ ಸರ್ಚಿನ ಒಂಬತ್ತನೆಯ ಒಂದು ಪಾಲು. ಅದೇ ವರ್ಷ ಜೆ. ಆರ್. ಜೈನ್ ಮತ್ತು ಎ. ಕೆ. ಜೈನ್ ಇಂಥದ್ದೇ ಇನ್ನೊಂದು ದಾರಿ ತೋರಿಸಿದರು. ಕೋಗಾ ವಿಧಾನದ ಮೊದಲ ಹೆಜ್ಜೆಯೇ ದೊಡ್ಡದು. ಮಗ್ಗುಲಲ್ಲೇ ಇರುವುದನ್ನು ಅದು ದಾಟಿಕೊಂಡು ಹೋಗಿಬಿಡುತ್ತಿತ್ತು. 1994ರಲ್ಲಿ ಅದನ್ನು ತಿದ್ದಿದವರು, ಮೊದಲ ಹೆಜ್ಜೆಯಲ್ಲೇ ಪಕ್ಕದ ಎಂಟು ಜಾಗವನ್ನೂ ನೋಡಿ ಎಂದರು. ಸಿಂಗಪುರದ ಶಾನ್ ಝು ಮತ್ತು ಕೈ-ಕುವಾಂಗ್ ಮಾ 2000ದಲ್ಲಿ ಪ್ರಕಟಿಸಿದ ಡೈಮಂಡ್ ಹುಡುಕಾಟ ಅನುಕೂಲವಾದರೆ 13 ಜಾಗದಲ್ಲಿ ಮುಗಿಯುತ್ತದೆ. 2002ರ ಷಟ್ಕೋನ ಹುಡುಕಾಟಕ್ಕೆ 11 ಸಾಕು. ಈ ನಡುವೆ ಚಿಪ್ ಮಾಡುವವರೂ ಸುಮ್ಮನಿರಲಿಲ್ಲ. 1999ರ ಪೆಂಟಿಯಂ 3ರಲ್ಲಿ ಎಂಟು ಚುಕ್ಕಿಗಳ ವ್ಯತ್ಯಾಸವನ್ನು ಒಂದೇ ಏಟಿಗೆ ಲೆಕ್ಕಹಾಕಿ ಕೂಡಿಸುವ ಆದೇಶವೊಂದನ್ನು ಇದಕ್ಕೆಂದೇ ಸೇರಿಸಿದರು. ಹುಡುಕಾಟದ ಈ ಪ್ರಬಂಧಗಳ ಹಿಂದಿರುವ ನಂಬಿಕೆ ಒಂದೇ: ಲೋಕದಲ್ಲಿ ಬಹಳಷ್ಟು ಅಲುಗುವುದಿಲ್ಲ, ಅಲುಗಿದರೂ ಸ್ವಲ್ಪವೇ ಅಲುಗುತ್ತದೆ. ಭದ್ರಾವತಿಯಲ್ಲಿ ಒಂದು ಮಧ್ಯಾಹ್ನ ಕಳೆದಿದ್ದರೆ ಇಷ್ಟು ಕಾಗದ ಉಳಿಯುತ್ತಿತ್ತು.

ಇನ್ನೊಂದು ಸೋಜಿಗವಿದೆ. ಚೌಕ ನಿಜಕ್ಕೂ ಎಲ್ಲಿಂದ ಬಂತು ಎಂಬುದು ಎನ್‌ಕೋಡರಿಗೆ ಬೇಕಾಗಿಲ್ಲ, ಹೋಲಿದರೆ ಸಾಕು. ಶಿಫ್ಟ್ ಬಿಟ್ಟಾಗ ಕಾರ್ಖಾನೆಯ ಗೇಟಿನಿಂದ ಹೊರಬೀಳುತ್ತಿದ್ದ ಸೈಕಲ್ಲುಗಳ ಹೊಳೆಯನ್ನು ಆಗ ಯಾರಾದರೂ ವೀಡಿಯೊ ಹಿಡಿದಿದ್ದರೆ, ಒಬ್ಬರ ಖಾಕಿ ಬೆನ್ನನ್ನು ತಂದು ಇನ್ನೊಬ್ಬರಿಗೆ ಅಂಟಿಸಿ ಅದು ಕೈತೊಳೆದುಕೊಳ್ಳುತ್ತಿತ್ತು. ತಮಿಳರು, ತೆಲುಗರು, ಮಲಯಾಳಿಗಳು, ಕನ್ನಡಿಗರು ಎಲ್ಲ ಆ ಗೇಟಿನಲ್ಲಿ ಒಂದೇ ಬಣ್ಣ. ಶಿವಮೊಗ್ಗದಿಂದ ಭದ್ರಾವತಿಗೆ ಬರುವಾಗ ಬಸ್ಸಿನ ಕಿಟಕಿಯಿಂದ ತೆಗೆದ ವೀಡಿಯೊ ಕೂಡ ಅದಕ್ಕೆ ಬಲು ಹಿತ. ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ ಎಲ್ಲ ಒಟ್ಟಾಗಿ ಹಿಂದಕ್ಕೆ ಸರಿಯುತ್ತವೆ. ಒಂದು ಚೌಕ ಎತ್ತ ಹೋಯಿತೆಂದು ಗೊತ್ತಾದರೆ ನೆರೆಯವರದ್ದೂ ಗೊತ್ತಾದಂತೆ.

ಹೊಸ ವಿಧಾನ ಕಟ್ಟಿದವರು ಅದನ್ನು ತಮಗೆ ತೋಚಿದ ವೀಡಿಯೊದ ಮೇಲೆ ತೋರಿಸಿದರೆ ಯಾರೂ ಒಪ್ಪುವುದಿಲ್ಲ. ಇದಕ್ಕೆಂದೇ ಲೋಕಕ್ಕೆಲ್ಲ ಒಂದೇ ಆದ ಕೆಲವು ತುಣುಕುಗಳಿವೆ. ಅದರಲ್ಲಿ ಅತಿ ಪ್ರಸಿದ್ಧ ಆಸಾಮಿ 'ಫೋರ್‌ಮನ್'. ತಲೆಗೆ ಬಿಳಿ ಹೆಲ್ಮೆಟ್ ಹಾಕಿದ ಒಬ್ಬ ಮನುಷ್ಯ ಕ್ಯಾಮೆರಾದ ಹತ್ತಿರ ಮುಖ ತಂದು, ತಲೆ ಕುಣಿಸುತ್ತ, ಹಲ್ಲು ಬಿಡುತ್ತ ಏನೋ ಹೇಳುತ್ತಾನೆ. ಆಮೇಲೆ ಕ್ಯಾಮೆರಾ ಸರಕ್ಕನೆ ತಿರುಗಿ ಕಟ್ಟುತ್ತಿರುವ ಕಟ್ಟಡವೊಂದನ್ನು ತೋರಿಸುತ್ತದೆ. ಒಟ್ಟು 300 ಚಿತ್ರ, ಧ್ವನಿ ಇಲ್ಲ. ವೀಡಿಯೊ ಕುಗ್ಗಿಸಲು ಹೊರಟ ಎಂಜಿನಿಯರುಗಳಿಗೆಲ್ಲ ಅವನ ಹಲ್ಲುಗಳ ಪರಿಚಯವಿದೆ. ಅವನು ಏನು ಹೇಳುತ್ತಿದ್ದಾನೆ ಎಂದು ಕೇಳಿಸಿಕೊಂಡವರನ್ನು ನಾನು ಕಂಡಿಲ್ಲ.

ಒಂದು ಭಾನುವಾರ ಮನೆಯಲ್ಲಿ ಆ ತುಣುಕನ್ನೇ ತಿರುಗಾ ಮುರುಗಾ ಓಡಿಸುತ್ತಿದ್ದಾಗ ಅಪ್ಪ ಹಿಂದೆ ಬಂದು ನಿಂತರು. ಅವರು ರೋಲಿಂಗ್ ಮಿಲ್ಲಿನಲ್ಲಿ ದುಡಿದು ರಿಟೈರ್ ಆಗಿದ್ದವರು.

'ಯಾರೋ ಇವ್ನು?'

'ಫೋರ್‌ಮನ್ ಅಪ್ಪ.'

'ಯಾವ ಶಾಪು?'

ಪರೀಕ್ಷೆಗೆ ಬಳಸುವ ವೀಡಿಯೊ, ಶಾಪು ಗೀಪು ಏನಿಲ್ಲ ಎಂದೆ. ಅಪ್ಪ ಕನ್ನಡಕ ಏರಿಸಿಕೊಂಡು ಬಗ್ಗಿದರು. 'ಹೆಲ್ಮೆಟ್ ನೋಡು, ಒಂದು ಗೀರಿಲ್ಲ. ಒಳಗೆ ಇಳಿದೋನಲ್ಲ ಇವ್ನು' ಎಂದರು. ಇನ್ನೊಂದೆರಡು ಸುತ್ತು ನೋಡಿದರು. 'ಬಾಯಿ ಆಡ್ತದೆ, ಬೈಗುಳ ಕೇಳಲ್ಲ. ಇಂಥ ಫೋರ್‌ಮನ್ ನಮಗ್ಯಾಕೋ ಸಿಗ್ಲಿಲ್ಲ?'

ಅಮ್ಮನಿಗೆ ಹಿಡಿಸಿದ್ದು 'ಅಕಿಯೋ'. ಅದು ವಾರ್ತೆ ಓದುವ ಜಪಾನಿನ ಹೆಂಗಸಿನ ತುಣುಕು. ತುಟಿ ಆಡುತ್ತದೆ, ರೆಪ್ಪೆ ಬಡಿಯುತ್ತದೆ, ತಲೆ ಚೂರು ಬಾಗುತ್ತದೆ, ಅಷ್ಟೇ. ಎಂಥ ಪೆದ್ದು ವಿಧಾನವೂ ಅಕಿಯೋ ಮೇಲೆ ಒಳ್ಳೆಯ ಅಂಕ ತೆಗೆಯುತ್ತದೆ. 'ಎಷ್ಟು ಅಚ್ಚುಕಟ್ಟಾಗಿ ಕೂತಿದಾಳೆ ನೋಡು, ನಮ್ಮ ನೆಂಟರಲ್ಲಿ ಹೀಗೆ ಕೂರೋರು ಒಬ್ರೂ ಇಲ್ಲ' ಎಂದಳು ಅಮ್ಮ. ಇವರಿಬ್ಬರ ಜೊತೆಗೆ ನಮ್ಮ ಜೋಗವನ್ನೂ ಪರೀಕ್ಷೆಗೆ ಹಾಕಿದರೆ ಹೇಗೆ ಎಂದು ನನ್ನ ಗೈಡನ್ನು ಕೇಳಿದೆ. 'ನಿನಗೆ ಡಿಗ್ರಿ ಬೇಕೋ ಬೇಡ್ವೋ?' ಎಂದರು.

ತಂದು ಅಂಟಿಸಿದ ಚೌಕ ನೂರಕ್ಕೆ ನೂರು ಹೊಂದುವುದು ಅಪರೂಪ. ಉಳಿದ ಸಣ್ಣ ವ್ಯತ್ಯಾಸವನ್ನು ಕುಗ್ಗಿಸಲು ಬೇರೊಂದು ಗಣಿತವಿದೆ, ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಅದರ ಮೂಲಪುರುಷ ನಾಸಿರ್ ಅಹ್ಮದ್ 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಈಗ ಯುವಿಸಿಇ ಎಂದು ಕರೆಯುವ ಕಾಲೇಜಿನಲ್ಲಿ 1961ರಲ್ಲಿ ಎಂಜಿನಿಯರಿಂಗ್ ಮುಗಿಸಿ ಅಮೆರಿಕಕ್ಕೆ ಹೋದವರು. ಈ ಗಣಿತದ ಮೇಲೆ ಕೆಲಸ ಮಾಡಲು ಅವರು ಅಲ್ಲಿ ಕೇಳಿದ ಧನಸಹಾಯ ಸಿಗಲಿಲ್ಲ. ಸಿಗದಿದ್ದರೂ ಮಾಡಿ, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ 1974ರ ಜನವರಿಯಲ್ಲಿ ಪ್ರಕಟಿಸಿದರು. ಇಂದಿನ ಜೆಪೆಗ್ ಫೋಟೊ, ಮೊನ್ನೆಯ ವಿಸಿಡಿ ಎಲ್ಲವೂ ಆ ಗಣಿತದ ಋಣದಲ್ಲಿವೆ. ಅವರು ಓದಿದ ಕಾಲೇಜನ್ನು 1917ರಲ್ಲಿ ಶುರುಮಾಡಿಸಿದವರು ವಿಶ್ವೇಶ್ವರಯ್ಯ. 1923ರಲ್ಲಿ ನಮ್ಮೂರಿನ ಊದುಕುಲುಮೆಗೆ ಬೆಂಕಿ ಬಿದ್ದದ್ದೂ ಅವರಿಂದಲೇ. ಇದನ್ನೆಲ್ಲ ಅಪ್ಪನಿಗೆ ವಿವರಿಸಿದೆ. 'ಅಲ್ಲಿಗೆ ನೀನು ಮಾಡ್ತಿರೋದೂ ಫ್ಯಾಕ್ಟ್ರಿ ಕೆಲ್ಸಾನೇ ಅಂತಾಯ್ತು' ಎಂದು ಅವರು ಪೇಪರ್ ಓದಲು ಕೂತರು. ಮಗನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಗಲಿಲ್ಲವೆಂಬ ಕೊರಗು ಆ ದಿನ ಸ್ವಲ್ಪ ಇಳಿದಂತಿತ್ತು.

ನಾನು ಕಲಿತದ್ದೆಲ್ಲ ಒಟ್ಟಿಗೆ ಕಣ್ಣಿಗೆ ಬಿದ್ದದ್ದು ಚಿಕ್ಕಪ್ಪನ ಮಗಳ ಮದುವೆಯ ವಿಸಿಡಿಯಲ್ಲಿ. ಮೂಲದಲ್ಲಿ ಅದು ವಿಎಚ್‌ಎಸ್ ಕ್ಯಾಸೆಟ್ಟು. ಶಿವಮೊಗ್ಗದ ಸ್ಟುಡಿಯೊ ಒಂದರಲ್ಲಿ ವಿಸಿಡಿಗೆ ಇಳಿಸಿಕೊಟ್ಟಿದ್ದರು. ಹಳೆಯ ಟೇಪಿನಲ್ಲಿ ಸದಾ ಚುಕ್ಕಿಗಳು ಮಿಣಮಿಣ ಎನ್ನುತ್ತಿರುತ್ತವೆ. ಅದರಿಂದಾಗಿ ಸುಮ್ಮನಿರುವ ಗೋಡೆಯೂ ಎನ್‌ಕೋಡರಿಗೆ ಚಡಪಡಿಸುತ್ತಿರುವಂತೆ ಕಾಣುತ್ತದೆ. ಅಷ್ಟಾದರೂ ನಾಂದಿ, ವರಪೂಜೆ, ಸೀರೆ ಅಂಗಡಿಯ ಕಪಾಟಿನಂತಿದ್ದ ನಮ್ಮ ಅತ್ತೆಯಂದಿರ ಸಾಲು ಎಲ್ಲ ಹೇಗೋ ದಾಟಿತು. ಧಾರೆಯ ಮುಹೂರ್ತ ಬಂತು, ಗಟ್ಟಿಮೇಳ ಮೊಳಗಿತು, ನಾನೂರು ಕೈಗಳಿಂದ ಅಕ್ಷತೆ ಹಾರಿತು. ಒಂದೊಂದು ಕಾಳಿಗೂ ಒಂದೊಂದು ದಿಕ್ಕು. ಈ ಚಿತ್ರದಲ್ಲಿ ಇಲ್ಲಿರುವ ಕಾಳು ಹಿಂದಿನ ಚಿತ್ರದಲ್ಲಿ ಎಲ್ಲಿತ್ತು? ನೆರೆಯ ಚೌಕವನ್ನು ಕೇಳೋಣವೆಂದರೆ ಅಲ್ಲೂ ಅದೇ ಗೊಂದಲ. ಸೆಕೆಂಡಿಗೆ ಕೊಟ್ಟ ಬಿಟ್ಟುಗಳೆಲ್ಲ ಅಕ್ಕಿಕಾಳಿಗೇ ಖರ್ಚಾಗಿ ವಧು, ವರ, ಪುರೋಹಿತರು, ಅಂತರಪಟ ಎಲ್ಲ ಚೌಕಗಳಾಗಿ ಚೆಲ್ಲಾಪಿಲ್ಲಿಯಾದರು.

ಆ ಗದ್ದಲದ ಮೂಲೆಯಲ್ಲಿ, ಗೋಡೆಗೆ ಹಚ್ಚಿದ ಮಡಚುವ ಕುರ್ಚಿಯಲ್ಲಿ ಅಪ್ಪ. ಹಿಂದಿನ ರಾತ್ರಿ ನೈಟ್ ಶಿಫ್ಟ್ ಮುಗಿಸಿ ಮೊದಲ ಬಸ್ಸಿಗೆ ಬಂದವರು, ಕೂತಲ್ಲೇ ನಿದ್ದೆ ಹೋಗಿದ್ದಾರೆ. ಬಾಯಿ ಅರ್ಧ ತೆರೆದಿದೆ. ಮಡಿಲಲ್ಲಿಟ್ಟ ಬಲಗೈಯಲ್ಲಿ ಎಸೆಯದೆ ಉಳಿದ ಅಕ್ಷತೆ ಹಾಗೇ ಇದೆ. ಇಡೀ ಮಂಟಪದಲ್ಲಿ ಗುರುತು ಸಿಗುವವರು ಅವರೊಬ್ಬರೇ, ಏಕೆಂದರೆ ಅಲುಗದ ಚೌಕಕ್ಕೆ ಎನ್‌ಕೋಡರ್ ಹೊಸದಾಗಿ ಹೆಚ್ಚೇನೂ ಬರೆಯುವುದಿಲ್ಲ. ಹಿಂದಿನ ಚಿತ್ರದ್ದು ಚೆನ್ನಾಗಿದ್ದರೆ ಆ ಚೆನ್ನೇ ಮುಂದುವರಿಯುತ್ತದೆ. ಚಿಕ್ಕಮ್ಮ ಇಂದಿಗೂ ಹೇಳುತ್ತಾರೆ: 'ಲಕ್ಷಗಟ್ಟಲೆ ಸುರಿದು ಮದುವೆ ಮಾಡಿದ್ವಿ, ಮದುಮಗಳ ಮುಖ ಕಾಣಲ್ಲ, ಭಾವನ ನಿದ್ದೆ ಮಾತ್ರ ಚೆನ್ನಾಗ್ ಬಂದಿದೆ.'

ಅಪ್ಪ ಈಗಿಲ್ಲ. ಆಲ್ಬಮ್ಮಿನ ಫೋಟೊಗಳಲ್ಲೆಲ್ಲ ಅವರು ಐಡಿ ಕಾರ್ಡಿಗೆ ನಿಂತವರ ಹಾಗೆ ಬಿಗಿದುಕೊಂಡಿದ್ದಾರೆ. ನಮ್ಮ ಮನೆಯಲ್ಲಿದ್ದ ಅಪ್ಪ ಹಾಗೇ ಸಿಗುವುದು ಆ ವಿಸಿಡಿಯ ಮೂಲೆಯಲ್ಲಿ. ಚಿಕ್ಕಪ್ಪ ತೆತ್ತ ಬಿಲ್ಲಿನಲ್ಲಿ ಅವರ ನಿದ್ದೆಯ ಪಾಲು ಸೊನ್ನೆಗೆ ಸಮೀಪ. ಇಂದಿನ ಎನ್‌ಕೋಡರುಗಳಲ್ಲಂತೂ ಅಂಥ ಚೌಕವೊಂದಕ್ಕೆ ಸರಾಸರಿ ಒಂದು ಬಿಟ್ಟೂ ಬೀಳುವುದಿಲ್ಲ.

ಊರಿನ ವಿಷಯವೂ ಹಾಗೇ ಆಗಿದೆ. ಹೊಗೆಯೂ ನೀರಿನ ಜಾತಿಯದೇ. ಎನ್‌ಕೋಡರಿಗೆ ಕಾಟ ಕೊಡುತ್ತದೆ. ನನ್ನ ಬಾಲ್ಯದ ಭದ್ರಾವತಿಯಲ್ಲಿ ಎತ್ತ ಕ್ಯಾಮೆರಾ ತಿರುಗಿಸಿದರೂ ಒಂದು ಚಿಮಣಿ, ಅದರ ತುದಿಯಲ್ಲಿ ಹೊಗೆ ಇರುತ್ತಿತ್ತು. ಕಾಗದನಗರದ ಕಾರ್ಖಾನೆ ನಿಂತು ವರ್ಷಗಳಾದವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಕಾರ್ಮಿಕರು ಹೋರಾಟಕ್ಕೆ ಕೂತರು. ಮೊನ್ನೆ ಗೇಟಿನ ಮುಂದೆ ನಿಂತು ಒಂದಷ್ಟು ಹೊತ್ತು ವೀಡಿಯೊ ಹಿಡಿದೆ. ಬೇಲಿ, ಮರ, ಚಿಮಣಿ, ಆಕಾಶ. ಬಲು ಚೆನ್ನಾಗಿ ಕುಗ್ಗಿತು. ಎಂ.ಟೆಕ್. ದಿನಗಳಲ್ಲಿ ಇಂಥ ಅಂಕಿ ಸಿಕ್ಕಿದ್ದರೆ ಕುಣಿದಾಡುತ್ತಿದ್ದೆ.

ನನ್ನ ಪ್ರಾಜೆಕ್ಟಿನ ಕೆಲಸವನ್ನು ಈಗ ಜೇಬಿನ ಫೋನು ನಾವು ನೋಡುತ್ತಿರುವಾಗಲೇ ಮಾಡಿ ಮುಗಿಸುತ್ತದೆ; ಬೇಗ ಆಗಬೇಕಾದದ್ದು ಬೇಗವೇ ಆಯಿತು. ಆದರೆ ನಾವು ಫೋನು ಎತ್ತುವುದು ಏನಾದರೂ ಕುಣಿದಾಗ, ಹಾರಿದಾಗ, ಧುಮುಕಿದಾಗ ಮಾತ್ರ. ಮನೆಯ ಹಿರಿಯರು ಸುಮ್ಮನೆ ಕೂತಿರುವುದನ್ನು ಯಾರೂ ತೆಗೆಯುವುದಿಲ್ಲ. ದಯವಿಟ್ಟು ತೆಗೆಯಿರಿ. ಕೈಯಲ್ಲಿ ಹಿಡಿಯಬೇಡಿ, ಕೈ ನಡುಗಿದರೆ ಗೋಡೆಯೂ ನಡುಗುತ್ತದೆ, ಬಿಟ್ಟುಗಳ ಖರ್ಚು ಏರುತ್ತದೆ. ಸ್ಟೂಲಿನ ಮೇಲೆ ಏನಕ್ಕಾದರೂ ಆನಿಸಿಟ್ಟು, ಅವರು ಪೇಪರ್ ಓದುವಷ್ಟು ಹೊತ್ತು, ತೂಕಡಿಸುವಷ್ಟು ಹೊತ್ತು ಬಿಟ್ಟುಬಿಡಿ. ಕುಗ್ಗಿಸಿಟ್ಟರೆ ಹೆಚ್ಚು ಜಾಗ ಹಿಡಿಯುವುದಿಲ್ಲ. ಅದಕ್ಕೆ ನಾನು ಜವಾಬ್ದಾರಿ.